ಕೆಟರ್‌ಡ್ಯಾಮಿನ ಆರು ಮಂದಿ

ಹದಿಹರೆಯದವರ ಫ್ಯಾಂಟಸಿ ಎಂದರೆ ಮಂತ್ರದಂಡ, ಡ್ರ್ಯಾಗನ್ ಅಷ್ಟೇ ಅಂದುಕೊಂಡ ಗೆಳೆಯರಿಗೆಲ್ಲ ನಾನು ಕೊಡುವ ಪುಸ್ತಕ ಒಂದೇ: 2015ರಲ್ಲಿ ಬಂದ ಲೀ ಬಾರ್ಡುಗೊ ಅವರ ‘ಸಿಕ್ಸ್ ಆಫ್ ಕ್ರೋಸ್’.

ಕೆಟರ್‌ಡ್ಯಾಮ್ ಎಂಬ ಬಂದರು ಪಟ್ಟಣದ ಆರು ಮಂದಿ ಹುಡುಗ ಹುಡುಗಿಯರು ಐಸ್ ಕೋರ್ಟ್ ಎಂಬ ಅಭೇದ್ಯ ಕೋಟೆಗೆ ನುಗ್ಗಿ ಒಬ್ಬ ಕೈದಿಯನ್ನು ಹೊರತರಬೇಕು. ಕಥೆಯ ಎಳೆ ಇಷ್ಟೇ. ಆದರೆ ಆ ಆರು ಮಂದಿ ಇದ್ದಾರಲ್ಲ, ಅಬ್ಬಾ!

ತಂಡದ ಮುಂದಾಳು ಕಾಝ್‌ನ ಒಂದು ಕಾಲು ಊನ. ಊರುಗೋಲೇ ಅವನ ಆಯುಧ. ಇನೆಜ್ ಎಳೆವಯಸ್ಸಿಗೇ ಗುಲಾಮರ ವ್ಯಾಪಾರಿಗಳ ಕೈಗೆ ಸಿಕ್ಕವಳು. ಜೆಸ್ಪರ್‌ಗೆ ಜೂಜು ಬಿಡಲಾಗದು. ನೀನಾ ಮಾಂತ್ರಿಕೆ. ಅವಳಂಥವರನ್ನು ಬೇಟೆಯಾಡುವುದನ್ನೇ ಧರ್ಮವೆಂದು ಕಲಿತು ಬೆಳೆದವನು ಮಥಾಯಸ್. ಈಗ ಇಬ್ಬರೂ ಒಂದೇ ತಂಡದಲ್ಲಿ!

ಬಾರ್ಡುಗೊ ಅವರಿಗೂ ಮೂಳೆಯ ಕಾಯಿಲೆಯಿದೆ, ಅವರೂ ಊರುಗೋಲು ಬಳಸುತ್ತಾರೆ. ಕಾಝ್ ಮೆಟ್ಟಿಲು ಹತ್ತುವಾಗಿನ ನೋವು ಅಷ್ಟು ನಿಜ ಅನ್ನಿಸುವುದು ಅದಕ್ಕೇ ಇರಬೇಕು. ಅವನ ಕುಂಟು ಮಾಯವಾದರೆ ಮಾತ್ರ ಅವನು ಗೆದ್ದಂತೆ ಎಂದು ಲೇಖಕಿ ಎಲ್ಲೂ ಹೇಳುವುದಿಲ್ಲ. ಹದಿನಾರು ಹದಿನೇಳರ ವಯಸ್ಸಿನಲ್ಲಿ ನಮ್ಮೊಳಗೆ ಏನೋ ಸರಿಯಿಲ್ಲ ಎಂದು ಕೊರಗುವ ನಮಗೆ ಇದು ಎಷ್ಟು ದೊಡ್ಡ ಧೈರ್ಯ! ಇರುವ ಹಾಗೇ ಬಾ, ನಿನ್ನಿಂದ ಆಗುವ ಕೆಲಸವೊಂದು ಇಲ್ಲಿದೆ ಎಂದು ಕರೆಯುವ ಕಥೆ ಇದು.

‘ಇದೆಲ್ಲ ಕಾಲಹರಣ’ ಎನ್ನುವ ಹಿರಿಯರೂ ಒಮ್ಮೆ ಓದಿ ನೋಡಲಿ. ಓದಿ ಮುಗಿಸಿದವರು 2016ರ ‘ಕ್ರುಕೆಡ್ ಕಿಂಗ್‌ಡಮ್’ ಕೈಗೆತ್ತಿಕೊಳ್ಳಿ; ಕಥೆ ಪೂರ್ಣವಾಗುವುದು ಅಲ್ಲೇ.