ದೇವರಾಯಸಮುದ್ರದಿಂದ ಜರ್ಮನಿಗೆ: ಸೇವಾ ವರ್ಷದ ಮೊದಲ ದಿನಗಳು

ನಮ್ಮೂರಿನ ಹೆಸರಲ್ಲಿ ಸಮುದ್ರ ಇದೆ, ಊರಲ್ಲಿಲ್ಲ. ನಮ್ಮ ಕಡೆ ಊರಿನ ಹೆಸರಲ್ಲಿ ಸಮುದ್ರ ಅಂತಿದ್ದರೆ ಅದು ಕೆರೆ. ಬೆಂಗಳೂರಿನಿಂದ ಮುಳಬಾಗಿಲಿಗೆ ಹೋಗುವ ಹೈವೇಯಲ್ಲಿ ಕೋಲಾರ ದಾಟಿದ ಮೇಲೆ ಬಂಡೆಗುಡ್ಡಗಳ ನಡುವೆ ಸಿಗುವ ಊರು ದೇವರಾಯಸಮುದ್ರ. ನಮ್ಮದು ಟೊಮೆಟೊ ಬೆಳೆಯುವ ಮನೆ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಭಾನುವಾರ ಬಸ್ ಹತ್ತಿ ಕೋಲಾರದ ಚರ್ಚಿಗೆ.

ಅಲ್ಲಿಂದ ನಾನು ಜರ್ಮನಿಯ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಚಿಕ್ಕ ಊರಿಗೆ ಬಂದಿದ್ದೇನೆ. ಕಂಪನಿ ಕೆಲಸಕ್ಕಲ್ಲ, ಓದೋಕೂ ಅಲ್ಲ. ಚರ್ಚಿನ ಮೂಲಕ ಒಂದು ವರ್ಷದ ಸ್ವಯಂಸೇವೆಗೆ, ಒಂದು ವೃದ್ಧಾಶ್ರಮಕ್ಕೆ.

ಬೆಂಗಳೂರಿನ ಕೆಲಸ ಬಿಡ್ತೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಸಂಬಳ ಎಷ್ಟಮ್ಮ?" ಸಂಬಳ ಇಲ್ಲ. ಇರೋಕೆ ರೂಮು, ಊಟ, ವಿಮೆ, ಕೈಖರ್ಚಿಗೆ ಒಂದಿಷ್ಟು ದುಡ್ಡು, ಅಷ್ಟೇ. ತಮ್ಮನ ಕಾಲೇಜು ಫೀಸು ನನ್ನ ಸಂಬಳದಲ್ಲೇ ಕಟ್ಟಬೇಕಿತ್ತು. ಎರಡು ವರ್ಷ ಉಳಿಸಿ ಆ ಫೀಸು ಎತ್ತಿಟ್ಟ ಮೇಲೆಯೇ ಅಪ್ಪ ಹೂಂ ಅಂದಿದ್ದು.

ಈ ವ್ಯವಸ್ಥೆಯ ಹಿಂದೆ ಒಂದು ಕಥೆ ಇದೆ. ಜರ್ಮನಿಯಲ್ಲಿ 2011ರಲ್ಲಿ ಕಡ್ಡಾಯ ಸೈನಿಕ ಸೇವೆ ಸ್ಥಗಿತವಾಯಿತು. ಸೈನ್ಯದ ಬದಲು ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ ದುಡಿಯುತ್ತಿದ್ದ ಹುಡುಗರೂ ಬರುವುದು ನಿಂತಿತು. ಅದೇ ಜುಲೈನಲ್ಲಿ ಸರ್ಕಾರ ಸ್ವಯಂಸೇವಾ ಯೋಜನೆ ಶುರು ಮಾಡಿತು. ಹೊರದೇಶದವರೂ ಸೇರಬಹುದು. 27 ವರ್ಷದೊಳಗಿನವರಿಗೆ ವರ್ಷದಲ್ಲಿ 25 ದಿನ ತರಬೇತಿ ಶಿಬಿರವೂ ಇರುತ್ತೆ.

ಮೊದಲ ವಾರವೆಲ್ಲ ಕಾಗದಪತ್ರದ ಕೆಲಸ. ಮನೆ ಸೇರಿದ ಎರಡು ವಾರದೊಳಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅಂಚೆ ಡಬ್ಬಿಯ ಮೇಲೆ ನಮ್ಮ ಹೆಸರು ಅಂಟಿಸದಿದ್ದರೆ ಬ್ಯಾಂಕ್ ಕಾರ್ಡೂ ಕೈಗೆ ಬರಲ್ಲ. ಕಸಕ್ಕೆ ಬಣ್ಣಬಣ್ಣದ ಡಬ್ಬಿಗಳು, ಯಾವುದರಲ್ಲಿ ಏನು ಹಾಕಬೇಕು ಅನ್ನೋದೇ ಒಂದು ಪಾಠ. ಭಾನುವಾರ ಅಂಗಡಿ ಬಂದ್, ಶನಿವಾರವೇ ಹಾಲು ತಂದಿಟ್ಟುಕೊಳ್ಳಬೇಕು. ರಾತ್ರಿ ಊಟಕ್ಕೆ ತಣ್ಣನೆ ಬ್ರೆಡ್, ಚೀಸ್, ಸೌತೆಕಾಯಿ. ಬಿಸಿ ಮುದ್ದೆ, ಸೊಪ್ಪಿನ ಸಾರು ನೆನೆದು ಕಣ್ಣಲ್ಲಿ ನೀರು ಬಂದದ್ದು ಮೂರನೇ ರಾತ್ರಿ. ಸಂಜೆ ನಾಲ್ಕಕ್ಕೆ ಕೆಲಸ ಮುಗಿದರೆ ಊರಲ್ಲಿ ಏಳೂವರೆ. ಅಮ್ಮನ ಫೋನು ಆಗಲೇ ಬರುತ್ತೆ.

ಭಾಷೆಯದು ಬೇರೆಯೇ ಪಾಡು. ಬೆಂಗಳೂರಿನಲ್ಲಿ ಕಲಿತು ಪರೀಕ್ಷೆ ಪಾಸಾಗಿದ್ದ ಜರ್ಮನ್ ಇಲ್ಲಿಯವರ ಬಾಯಲ್ಲಿ ಗುರುತೇ ಸಿಗಲಿಲ್ಲ. ಇಲ್ಲಿ ಆಡೋದು ಶ್ವೇಬಿಶ್ ಮಾತು. ಪುಸ್ತಕದ ಕನ್ನಡ ಕಲಿತವರನ್ನು ಮುಳಬಾಗಿಲು ಸಂತೆಯಲ್ಲಿ ಬಿಟ್ಟ ಹಾಗೆ! ಸೇವೆ ಮಾಡೋಕೆ ಬಂದವಳಿಗೆ ನೀರು ಕೇಳಿದ್ದೂ ಅರ್ಥವಾಗದಿದ್ದರೆ ಏನು ಪ್ರಯೋಜನ ಅನ್ನಿಸುತ್ತಿತ್ತು.

ಆಗ ಒಬ್ಬ ಅಜ್ಜಿ, ತೊಂಬತ್ತು ದಾಟಿದವರು, ತಿಂಡಿಯ ಹೊತ್ತಲ್ಲಿ ಚಮಚ ಎತ್ತಿ ತೋರಿಸಿ "ಲ್ಯೋಫೆಲ್" ಅಂದರು. ನಾನು ಹೇಳಿದೆ. ಸರಿಯಿಲ್ಲ ಅಂತ ತಲೆ ಅಲ್ಲಾಡಿಸಿ ಮತ್ತೆ ಹೇಳಿಸಿದರು. ಮಾರನೇ ದಿನ ಕಿಟಕಿ, ಆಮೇಲೆ ಕಂಬಳಿ. ಒಂದು ವಾರದಲ್ಲಿ ಅವರು ನನಗಾಗಿ ಬೆಳಗ್ಗೆ ಬೇಗ ಎದ್ದು ತಲೆ ಬಾಚಿಸಿಕೊಂಡು ಕಾಯತೊಡಗಿದರು. ಇಡೀ ದಿನ ಯಾರೋ ಊಟ ಮಾಡಿಸುತ್ತಾರೆ, ಯಾರೋ ಬಟ್ಟೆ ಹಾಕುತ್ತಾರೆ. ಅವರಿಂದ ಯಾರಿಗಾದರೂ ಏನಾದರೂ ಬೇಕು ಅನ್ನೋದು ಆ ಹತ್ತು ನಿಮಿಷದಲ್ಲಿ ಮಾತ್ರ. ನನಗೆ ಭಾಷೆ ಬರದೇ ಇದ್ದದ್ದೇ ಅವರಿಗೊಂದು ಕೆಲಸ ಕೊಟ್ಟಿತ್ತು.

ಕೋಲಾರದಲ್ಲಿ ಅಮೆರಿಕದ ಮೆಥೊಡಿಸ್ಟ್ ಮಿಷನ್ನಿನವರು 1910ರಲ್ಲಿ ಆರಂಭಿಸಿದ ಇಟಿಸಿಎಂ ಆಸ್ಪತ್ರೆ ಇದೆ. "ಆ ಕಾಲದ ದೊರೆಸಾನಮ್ಮಂದಿರಿಗೆ ಕನ್ನಡ ಬರ್ತಿರಲಿಲ್ಲ ಕಣೇ, ನಮ್ಮೋರೇ ಹೇಳಿಕೊಡ್ತಿದ್ರು" ಅಂತ ನಮ್ಮಜ್ಜಿ ಹೆಮ್ಮೆಯಿಂದ ಹೇಳೋರು. ಆ ಹೆಮ್ಮೆ ಈಗ ಅರ್ಥವಾಗುತ್ತೆ. ಕಿಟ್ಟೆಲ್ ಕೂಡ 1853ರಲ್ಲಿ 21ರ ವಯಸ್ಸಿನಲ್ಲಿ ನಮ್ಮ ನಾಡಿಗೆ ಬಂದಾಗ ಕಲಿಯುವ ಹುಡುಗನೇ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ನಿಘಂಟಿನಲ್ಲಿ ಸುಮಾರು 70,000 ಪದಗಳಿವೆ. ಅದರ ಹಿಂದೆ ಅವರಿಗೆ ಕನ್ನಡ ಹೇಳಿಕೊಟ್ಟ ಎಷ್ಟು ಬಾಯಿಗಳಿರಬೇಕು! ಅವರು 1903ರಲ್ಲಿ ತೀರಿಕೊಂಡದ್ದು ಟ್ಯೂಬಿಂಗನ್‌ನಲ್ಲಿ. ಸ್ಟುಟ್‌ಗಾರ್ಟ್‌ನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದಾರಿ. ರಜೆ ಸಿಕ್ಕಿದ ದಿನ ಹೋಗಬೇಕು.

ಅಕ್ಟೋಬರ್ ಮೊದಲ ಭಾನುವಾರ ಇಲ್ಲಿ ಸುಗ್ಗಿಯ ಕೃತಜ್ಞತಾ ಹಬ್ಬ. ಚರ್ಚಿನ ವೇದಿಕೆ ಮುಂದೆ ಕುಂಬಳಕಾಯಿ, ಸೇಬು, ದೊಡ್ಡ ಬ್ರೆಡ್ಡು. ನಮ್ಮಲ್ಲಾದರೆ ಆರಾಧನೆ ಮುಗಿದ ಮೇಲೆ ಹರಾಜು, ಒಂದು ಕೋಳಿಗೆ ಪೈಪೋಟಿ, ನಗು, ಗಲಾಟೆ. ಇಲ್ಲಿ ಎಲ್ಲ ನಿಶ್ಶಬ್ದ. ಮೂಲೆಯಲ್ಲಿ ಒಂದು ಪುಟ್ಟ ಬುಟ್ಟಿ ಟೊಮೆಟೊ ಇತ್ತು. ಅಪ್ಪನಿಗೆ ಫೋಟೋ ಕಳಿಸಿದೆ. "ಅಲ್ಲಿ ರೇಟ್ ಎಷ್ಟು?" ಅಂತ ತಕ್ಷಣ ಉತ್ತರ ಬಂತು.

ಇಂಥ ವರ್ಷಕ್ಕೆ ಹೊರಡುವ ಯೋಚನೆ ಇದ್ದರೆ ವೀಸಾಗೆ ಮುಂಚೆ ಮನೆಯ ಲೆಕ್ಕ ಮಾಡಿಕೊಳ್ಳಿ. ನೀವಿಲ್ಲದ ಹನ್ನೆರಡು ತಿಂಗಳು ಯಾವ ಖರ್ಚು ಯಾರು ನೋಡುತ್ತಾರೆ ಅಂತ ಕೂತು ಬರೆಯಿರಿ. ಭಾಷೆ ಅಲ್ಲೇ ಕಲೀತೀನಿ ಅನ್ನಬೇಡಿ, ಬುನಾದಿ ಇಲ್ಲೇ ಹಾಕಿಕೊಳ್ಳಿ. ಮೊದಲ ಎರಡು ವಾರ ಏನೂ ಉಪಯೋಗಕ್ಕೆ ಬರುತ್ತಿಲ್ಲ ಅನ್ನಿಸಿದರೆ ಗಾಬರಿ ಬೇಡ. ಯಾರಾದರೂ ಕಲಿಸೋಕೆ ಬಂದರೆ ಪಕ್ಕದಲ್ಲಿ ಕೂತು ಕಲಿತುಕೊಳ್ಳಿ. ಅವರಿಗೂ ಅದು ಬೇಕಿರಬಹುದು.