ಇಂಡಿ ನಿಂಬೆ, ಪುಣೆ ಗಿಮ್ಲೆಟ್

ನಮ್ಮದು ನಿಂಬೆಗೆ ಹೆಸರಾದ ಇಂಡಿ ತಾಲ್ಲೂಕು. ಈಗ ಆ ನಿಂಬೆಗೆ ಜಿಐ ಟ್ಯಾಗ್ ಕೂಡ ಇದೆ. ಅವ್ವ ಪುಣೆಗೆ ಬಂದರೆ ಚೀಲದ ತುಂಬ ಅದೇ.

ಮೊನ್ನೆ ಶನಿವಾರ ರಾತ್ರಿ ಅವ್ವ ಮಲಗಿದಳೆಂದುಕೊಂಡು, ಅಡುಗೆಮನೆ ಬಾಗಿಲು ಮುಚ್ಚಿ ಗಿಮ್ಲೆಟ್ ಮಾಡಲು ನಿಂತೆ. ಲೆಕ್ಕ ಸುಲಭ: 60 ಮಿ.ಲೀ. ಜಿನ್, ನಿಂಬೆರಸ 20, ಸಕ್ಕರೆಪಾಕ 20. ಐಸ್ ಹಾಕಿ, ಮುಚ್ಚಳದ ಬಾಟಲಿಯಲ್ಲಿ ಕುಲುಕಿ ಸೋಸಿದರಾಯ್ತು. ಸ್ಕರ್ವಿ ತಡೆಯಲು ಬ್ರಿಟಿಷ್ ನಾವಿಕರು ನಿಂಬೆರಸ ಕುಡಿಯುತ್ತಿದ್ದರಲ್ಲ, ಅದನ್ನು ಮದ್ಯವಿಲ್ಲದೆ ಸಕ್ಕರೆಯಲ್ಲಿ ಕೆಡದಂತಿಡುವ ವಿಧಾನಕ್ಕೆ 1867ರಲ್ಲಿ ಲಾಕ್ಲನ್ ರೋಸ್ ಪೇಟೆಂಟ್ ಪಡೆದ. ಅಂಥ ರಸಕ್ಕೆ ಜಿನ್ ಸೇರಿ ಗಿಮ್ಲೆಟ್ ಆಯ್ತು!

ಕುಲುಕುವ ಸದ್ದಿಗೆ ಅವ್ವ ಎದ್ದು ಬಂದಳು.

"ಏನೋ ಅದು?"

"ಶರಬತ್ತು, ಅವ್ವಾ."

"ನನಗೂ ಒಂದೀಟು ಕೊಡು."

ಜಿನ್ ಇಲ್ಲದ್ದು ಮಾಡಿಕೊಟ್ಟೆ. ಕುಡಿದು ಸುಮ್ಮನೆ ಹೋದಳು.

ಮಹಾರಾಷ್ಟ್ರದಲ್ಲಿ 1949ರ ಕಾಯ್ದೆ ಪ್ರಕಾರ ಕುಡಿಯಲು ಪರ್ಮಿಟ್ ಬೇಕು. ಅದು ನನ್ನ ಹತ್ತಿರ ಇದೆ. ಅವ್ವನದ್ದು ಮಾತ್ರ ಕೇಳಿರಲಿಲ್ಲ... ಕುಡಿತಕ್ಕೆ ಚಿಕ್ಕಪ್ಪನನ್ನು ಕಳೆದುಕೊಂಡ ಮನೆ ನಮ್ಮದು.

ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಬೆಳಿಗ್ಗೆ ಚಹಾ ಕೊಡುವಾಗ ಹೇಳಿಬಿಟ್ಟೆ.

"ಶರಬತ್ತಿಗೆ ಯಾರರೆ ಬಾಗಿಲಾ ಮುಚ್ಕೋತಾರೇನೋ? ಅಳತಿ ಮೀರಬ್ಯಾಡ, ಅಷ್ಟ," ಅಂದವಳೇ ಉಳಿದ ನಿಂಬೆಯನ್ನೆಲ್ಲ ಉಪ್ಪಿನಕಾಯಿಗೆ ಹೆಚ್ಚತೊಡಗಿದಳು.