ಉಳಿದ ದನಿ, ಅಳಿದ ದನಿ

ಅಜ್ಜಿಯ ಇಳಕಲ್ಲ ಸೀರೆ ಸೊಸೆಗೆ ಹಳತಾಗಿ ತೋರುವದು. ಮೊಮ್ಮಗಳಿಗೆ ಅದೇ ಹೊಸದಾಗಿ ತೋರುವದು. ನಡುವಿನ ತಲೆಮಾರು ಟ್ರಂಕಿನ ತಳಕ್ಕೆ ನೂಕಿದ್ದನ್ನು ಮುಂದಿನ ತಲೆಮಾರು ಬಿಸಿಲಿಗೆ ಹರವಿ, ಮಡಿಕೆ ಬಿಡಿಸಿ, ಹಬ್ಬಕ್ಕೆ ಉಡುವದು. ಉಡಿಗೆ-ತೊಡಿಗೆಗಳಲ್ಲಿ ಕಾಣುವ ಈ ನಿಯಮವು ನಾದದ ವಿಷಯದಲ್ಲಿಯೂ ಸುಳ್ಳಲ್ಲ. ಒಂದು ಕಾಲದವರು ಗದ್ದಲವೆಂದು ಕಿವಿ ಮುಚ್ಚಿಕೊಂಡದ್ದೇ ಇನ್ನೊಂದು ಕಾಲದವರಿಗೆ ಇಂಪಾಗುವದುಂಟು. ಆದರೆ ಸೀರೆಯನ್ನು ಉಡಬೇಕಾದರೆ ಅದು ಟ್ರಂಕಿನಲ್ಲಿ ಉಳಿದಿರಬೇಕು. ಇಲ್ಲಿ ವಿಚಾರಕ್ಕೆ ತಕ್ಕದ್ದು ಈ ಉಳಿಯುವಿಕೆಯ ಮಾತೇ.

ಬೈಲಹೊಂಗಲದ ಒಂದು ಮನೆಯಲ್ಲಿ ಮೂರು ತಲೆಮಾರಿನವರು ಒಂದೇ ಸೂರಿನಡಿಯಲ್ಲಿದ್ದಾರೆ. ಅಜ್ಜ ತಮ್ಮ ಪ್ರಾಯದಲ್ಲಿ ಸಣ್ಣಾಟದ ಮೇಳಕ್ಕೆ ಪೇಟಿ ಬಾರಿಸಿದವರು. ಅವರ ಮಗ 1980ರ ದಶಕದಲ್ಲಿ ಕ್ಯಾಸೆಟ್ಟುಗಳನ್ನು ಕೊಂಡು ತಂದು ಡಿಸ್ಕೊ ಹಾಡುಗಳನ್ನು ಕೇಳಿದವರು. ಮೊಮ್ಮಗಳು ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವಾಕೆ. 2020ರ ಮಾರ್ಚ ತಿಂಗಳಲ್ಲಿ ಊರಿಗೆ ಬಂದವಳು, ರೋಗದ ಭೀತಿಯಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಾಗ, ಇಲ್ಲಿಯೇ ಉಳಿದಳು. ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಕೂಡ ಆಗ ಗುಡಿಯ ಬಾಗಿಲು ಮುಚ್ಚಿತ್ತು. ಚೌಡಿಕೆಯ ದನಿ ನಿಂತಿತ್ತು. ಆ ಮೌನದಲ್ಲಿ, ಮಾರ್ಚ 27ರಂದು, ಲಂಡನ್ನಿನ ಗಾಯಕಿ ಡುವಾ ಲೀಪಾ ಅವರ ‘ಫ್ಯೂಚರ್ ನಾಸ್ಟಾಲ್ಜಿಯಾ’ ಎಂಬ ಗೀತಸಂಪುಟವು ಹೊರಬಿದ್ದಿತು. ಹನ್ನೊಂದು ಹಾಡುಗಳು, ಒಟ್ಟು 37 ನಿಮಿಷ. ಜಗತ್ತಿನ ಕುಣಿತದ ಮನೆಗಳೆಲ್ಲ ಮುಚ್ಚಿದ್ದಾಗ ಬಂದ ಕುಣಿತದ ಹಾಡುಗಳವು. ಮೊಮ್ಮಗಳು ಅವನ್ನು ಅಡಿಗೆಮನೆಯಲ್ಲಿ ಹಚ್ಚಿ ಕೇಳುತ್ತಿದ್ದಳು.

“ಇವು ನಮ್ಮ ಕಾಲದ ಹಾಡಲ್ಲೇನವಾ?” ಎಂದು ತಂದೆ ಕೇಳಿದರು.

“ಅಲ್ಲಪ್ಪಾ, ಮೊನ್ನೆ ಬಂದಾವು” ಎಂದಳು ಮಗಳು.

ತಂದೆಯ ಕಿವಿ ಮೋಸ ಹೋಗಿರಲಿಲ್ಲ. ಆ ಸಂಪುಟದ ಹೆಸರನ್ನು ಕನ್ನಡದಲ್ಲಿ ‘ಮುಂಬರುವ ಕಾಲದ ಹಳಹಳಿ’ ಎನ್ನಬಹುದು. ಗಾಯಕಿಯು ಹುಟ್ಟಿದ್ದು 1995ರಲ್ಲಿ. ಆದರೆ ಅವರ ಹಾಡುಗಳ ಮೈಕಟ್ಟು 1980ರ ಸುತ್ತುಮುತ್ತಿನ ಡಿಸ್ಕೊ ಮತ್ತು ‘ನ್ಯೂ ವೇವ್’ ಸಂಗೀತದ್ದು. ‘ಫಿಸಿಕಲ್’ ಎಂಬ ಹಾಡಿನ ಹೆಸರು 1981ರ ಒಲಿವಿಯಾ ನ್ಯೂಟನ್-ಜಾನ್ ಅವರ ಹಾಡನ್ನು ನೆನಪಿಗೆ ತರುವದು. ಇನ್ನೊಂದರಲ್ಲಿ 1987ರ ಒಂದು ಹಾಡಿನ ತಂತಿಯ ಮಿಡಿತವಿದ್ದು, ಅದರ ಕರ್ತೃಗಳಿಗೆ ಸಲ್ಲಬೇಕಾದ ಮನ್ನಣೆಯೂ ಸಂದಿದೆ. ತಾವು ಬಾಳದ ಕಾಲವನ್ನು ಕುರಿತು ಹಂಬಲಿಸಿದ ಈ ಕೃತಿಗೆ 2021ರಲ್ಲಿ ಗ್ರ್ಯಾಮಿ ಪ್ರಶಸ್ತಿ ದೊರೆಯಿತು.

ಈ ಬಗೆಯ ಸಂಗೀತದ ಜೀವಾಳವು ಸಿಂಥಸೈಜರ ಎಂಬ ವಾದ್ಯ. ಪೇಟಿಯಲ್ಲಿ ತಿದಿಯ ಗಾಳಿಯು ಹಿತ್ತಾಳೆಯ ನಾಲಗೆಗಳನ್ನು ಮಿಡಿದು ಸ್ವರ ಹುಟ್ಟಿಸುವದು. ಇದರಲ್ಲಿ ವಿದ್ಯುತ್ತಿನ ಕಂಪನವೇ ಸ್ವರವಾಗುವದು, ಆ ಸ್ವರದ ಒರಟುತನವನ್ನು ಬೇಕಾದಷ್ಟು ಸೋಸಿ ತೆಗೆಯಲು ಬರುವದು. ಎರಡಕ್ಕೂ ಕರಿ-ಬಿಳಿಯ ಮನೆಗಳು ಒಂದೇ. ಅಜ್ಜ ಕೆಲಹೊತ್ತು ಕೇಳಿ, “ಇದು ಪೇಟಿ ಅಲ್ಲ, ಆದ್ರ ಪೇಟಿ ಮಾಡೂ ಕೆಲಸಾನ ಮಾಡಾಕತ್ತೈತಿ” ಎಂದು ತೀರ್ಪು ಕೊಟ್ಟರು.

ಇವೆರಡೂ ವಾದ್ಯಗಳು ಪಟ್ಟ ಪಾಡು ಕೂಡ ಒಂದೇ ಬಗೆಯದು. 1982ರಲ್ಲಿ ಲಂಡನ್ನಿನ ವಾದಕರ ಸಂಘದ ಒಂದು ಶಾಖೆಯು, ಈ ಯಂತ್ರಗಳು ವಾದಕರ ಅನ್ನ ಕಸಿಯುವವೆಂದು, ಸಿಂಥಸೈಜರದ ನಿಷೇಧವನ್ನು ಬೇಡಿ ಠರಾವು ಮಾಡಿತು. ಅದಕ್ಕೂ ಬಹು ಮೊದಲು, 1940ರಲ್ಲಿ, ನಮ್ಮ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ತನ್ನ ಕೋಣೆಗಳಿಂದ ಹೊರಹಾಕಿತ್ತು. ಅದು ಪರದೇಶದ ಪೆಟ್ಟಿಗೆ, ಅದರಲ್ಲಿ ಮೀಂಡು ಬರದು, ನಮ್ಮ ಶ್ರುತಿಗಳು ನಿಲ್ಲವು ಎಂಬದು ಆಕ್ಷೇಪ. ಆ ಬಹಿಷ್ಕಾರ ಸಡಿಲಾದದ್ದು 1971ರಲ್ಲಿ. ಆದರೆ ಅಷ್ಟರೊಳಗೆ ಪ್ಯಾರಿಸ್ಸಿನಲ್ಲಿ ಹುಟ್ಟಿದ ಆ ವಾದ್ಯವು ಕಲಕತ್ತೆಯ ಕುಶಲಿಗಳ ಕೈಯಲ್ಲಿ ರೂಪ ಬದಲಿಸಿ, ಭಜನೆಯ ಮಂಡಳಿ, ಕಂಪನಿ ನಾಟಕ, ಪಾರಿಜಾತ, ಸಣ್ಣಾಟಗಳ ಮನೆಮಗಳಾಗಿಹೋಗಿತ್ತು. ಬೆಳಗಾವಿಯ ಪಂಡಿತ ರಾಮಭಾವು ವಿಜಾಪುರೆಯವರು 2010ರಲ್ಲಿ ತೀರಿಕೊಳ್ಳುವ ವರೆಗೂ ಈ ಪೇಟಿಯನ್ನೇ ಉಪಾಸಿಸಿ ಶಿಷ್ಯರನ್ನು ಬೆಳೆಯಿಸಿದರು. ಪೇಟಿ ಪರಕೀಯವೆಂದು ಇಂದು ಯಾವ ಹಳ್ಳಿಯಲ್ಲಿ ಯಾರು ಹೇಳಿಯಾರು?

ಅದೇ 1982ರಲ್ಲಿ ಮುಂಬಯಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಹಿಂದೀ ಚಿತ್ರಗಳ ವಾದ್ಯವೃಂದದಲ್ಲಿ ದುಡಿಯುತ್ತಿದ್ದ ಚರಣಜಿತ ಸಿಂಗರು ಜಪಾನಿನ ರೋಲಂಡ್ ಕಂಪನಿಯ ಹೊಸ ಯಂತ್ರಗಳನ್ನು ಹೂಡಿ, ಡಿಸ್ಕೊ ತಾಳದ ಮೇಲೆ ಲಲಿತ, ಭೂಪಾಲಿ, ಮಾಲಕಂಸ ಮೊದಲಾದ ಹತ್ತು ರಾಗಗಳನ್ನು ನುಡಿಸಿ ತಟ್ಟೆ ಮಾಡಿಸಿದರು. ಆಗ ಕೊಂಡವರು ಕೆಲವರೇ. ಐದು ವರ್ಷಗಳ ತರುವಾಯ ಚಿಕಾಗೊದ ತರುಣರು ಅವೇ ಯಂತ್ರಗಳಲ್ಲೊಂದರಿಂದ ಅಂಥದೇ ನಾದವನ್ನು ಹೊರಡಿಸಿ ಹೊಸ ಪಂಥವನ್ನೇ ತೆರೆದರು. 2010ರಲ್ಲಿ ಸಿಂಗರ ತಟ್ಟೆಯು ಮರುಮುದ್ರಣಗೊಂಡಾಗ ಜಗತ್ತು ಬೆರಗಾಯಿತು. ಇಪ್ಪತ್ತೆಂಟು ವರ್ಷ ಯಾರೂ ಕೇಳದಿದ್ದರೂ ತಟ್ಟೆ ಇದ್ದಿತು, ಇದ್ದುದರಿಂದಲೇ ಮರಳಿತು.

ಡುವಾ ಲೀಪಾ ಅವರ ಸಂಪುಟದಲ್ಲಿ ‘ಲವ್ ಅಗೇನ್’ ಎಂಬ ಹಾಡಿದೆ. ಅದರಲ್ಲಿ ಮತ್ತೆ ಮತ್ತೆ ಕೇಳಿಬರುವ ತುತೂರಿಯ ತುಣುಕು 1932ರದು. ಲಂಡನ್ನಿನಲ್ಲಿ ಲ್ಯೂ ಸ್ಟೋನ್ ಅವರ ವಾದ್ಯವೃಂದವು ಬಾರಿಸಿ, ಅಲ್ ಬೌಲಿ ಹಾಡಿದ ‘ಮೈ ವುಮನ್’ ಎಂಬ ತಟ್ಟೆಯಿಂದ ಅದನ್ನು ಮೊದಲು ಎತ್ತಿಕೊಂಡವರು, ನಮ್ಮ ರೂರಕೆಲಾದಲ್ಲಿ ಹುಟ್ಟಿ ಇಂಗ್ಲಂಡದಲ್ಲಿ ಬೆಳೆದ ಜ್ಯೋತಿ ಮಿಶ್ರಾ. ಅವರ ಆ ಹಾಡು 1997ರಲ್ಲಿ ಬ್ರಿಟನ್ನಿನ ಪಟ್ಟಿಯ ತುದಿಗೇರಿತು. ಅಲ್ಲಿಂದ ಅದು 2020ಕ್ಕೆ ದಾಟಿತು. ತುತೂರಿ ಊದಿದವನ ಉಸಿರು ನಿಂತು ಎಷ್ಟೋ ಕಾಲವಾದರೂ ಆ ಊದು ಬೈಲಹೊಂಗಲದ ಅಡಿಗೆಮನೆಗೆ ಬಂದು ಮುಟ್ಟಿತು.

ಹಾಗಾದರೆ 1932ರಲ್ಲಿ ನಮ್ಮ ಈ ನೆಲದಲ್ಲಿ ಏನು ಕೇಳುತ್ತಿತ್ತು? ಸಂಗ್ಯಾ-ಬಾಳ್ಯಾರ ಕಥೆ ಬೈಲಹೊಂಗಲದ ಮಣ್ಣಿನದೇ. ಸವದತ್ತಿಯ ಗುಡ್ಡದಲ್ಲಿ ಚೌಡಿಕೆಯವರು ಹಾಡುತ್ತಿದ್ದರು. ರಾಮದುರ್ಗದ ಕಡೆಗೆ ಗೊಡಚಿಯ ವೀರಭದ್ರನ ಜಾತ್ರೆಯಲ್ಲಿ ಪುರವಂತರು ಒಡಪು ಹೇಳುತ್ತಿದ್ದರು. ಅವರೊಳಗೆ ಎಷ್ಟು ಕಂಠಗಳು ತಟ್ಟೆಗೆ ಇಳಿದವು? ಬೀಳಗಿಯ ಅಮೀರಬಾಯಿ ಕರ್ನಾಟಕಿಯವರ ಕಂಠ ಉಳಿಯಿತು. ಮಲ್ಲಿಕಾರ್ಜುನ ಮನಸೂರರದು ಉಳಿಯಿತು. ರಾತ್ರಿಯಿಡೀ ಆಡಿ, ಬೆಳಗಿಗೆ ಬಣ್ಣ ಒರಸಿಕೊಂಡು ಹೊಲಕ್ಕೆ ಹೋದವರದು ಬಹುಮಟ್ಟಿಗೆ ಗಾಳಿಯ ಪಾಲಾಯಿತು. 1824ರ ಕಾಳಗವನ್ನು ಕಂಡ ಕಿತ್ತೂರಿನ ಅರಮನೆ ಬಿದ್ದರೂ ಅದರ ಅಡಿಗಲ್ಲು, ಮೋಟುಗೋಡೆಗಳಾದರೂ ಇವೆ. ನಾದಕ್ಕೆ ಅಡಿಗಲ್ಲಿಲ್ಲ. ಹಿಂದಿನ ಕಾಲವನ್ನು ನೆನೆದು ಹಂಬಲಿಸುವ ಭಾಗ್ಯವು ಕೂಡ, ಹಿಂದಿನದನ್ನು ಕಾಪಾಡಿಕೊಂಡವರಿಗೇ ಮೀಸಲಾದಂತಿದೆ.

ಆ ದಿನಗಳಲ್ಲಿ ಒಂದು ಸಂಜೆ ಮೊಮ್ಮಗಳು, “ಅಜ್ಜಾ, ನಿಮ್ಮ ಮೇಳದ್ದು ಒಂದು ಮಟ್ಟು ಬಾರಸ್ರಿ” ಎಂದಳು. ಅಜ್ಜ ಪೇಟಿಯ ಧೂಳು ಒರಸಿದರು. ಎರಡು ಸ್ವರಗಳು ಸೋರುತ್ತಿದ್ದವು, ಬೆರಳು ನಡುಗುತ್ತಿದ್ದವು. ಮಟ್ಟು ಅರ್ಧದ ವರೆಗೆ ಬಂದು ನಿಂತಿತು. “ಮುಂದಿಂದು ಹಿಮ್ಮೇಳದಾವಗ ಗೊತ್ತಿತ್ತವಾ. ಅವ ಹೋಗಿ ಇಪ್ಪತ್ತ ವರ್ಷಾತು” ಎಂದು ತಿದಿಯ ಮೇಲೆ ಕೈಯಿಟ್ಟು ಕುಳಿತರು. ಮೊಮ್ಮಗಳು ಆ ಅರ್ಧವನ್ನೇ ಕೈಯ ಫೋನಿನಲ್ಲಿ ಹಿಡಿದಿಟ್ಟುಕೊಂಡಳು.

ಹಳೆಯದರ ವೇಷ ತೊಟ್ಟಮಾತ್ರಕ್ಕೆ ಹಳೆಯದು ಬದುಕಲಾರದು. ಉತ್ಸವದ ವೇದಿಕೆಯಲ್ಲಿ ಜಾನಪದದ ಒಂದು ಸಾಲಿಗೆ ಯಂತ್ರದ ತಾಳ ಬಡಿದು ಚಪ್ಪಾಳೆ ಗಿಟ್ಟಿಸುವದು ಸುಲಭ. ಹಳೆಯ ತುಣುಕಿನಲ್ಲಿ ಅದರ ಕಾಲದವರು ಕಾಣದೆ ಬಿಟ್ಟುಹೋದ ಸಾಧ್ಯತೆಯನ್ನು ಕಂಡು ಮುಂದುವರಿಸುವದು ಕಠಿಣ. ಅದಕ್ಕೆ ಕಿವಿಯೂ ಬೇಕು, ಋಣವನ್ನು ಒಪ್ಪಿಕೊಳ್ಳುವ ಪ್ರಾಮಾಣಿಕತೆಯೂ ಬೇಕು. ಇವೆರಡೂ ಉಳ್ಳವರು ಯಾವಾಗ ಹುಟ್ಟುವರೋ ಹೇಳಬಾರದು. ಅವರು ಬರುವ ವರೆಗೆ ತುಣುಕನ್ನು ಕಾಯುವದಷ್ಟೇ ಉಳಿದವರ ಪಾಲಿನ ಕೆಲಸ.

ಅರ್ಧ ಮಟ್ಟು ಅಲ್ಪವೆಂದು ಯಾರೂ ಎಣಿಸಬೇಕಾಗಿಲ್ಲ. ಲಂಡನ್ನಿನ ಆ ತಟ್ಟೆಯಿಂದ ಎಂಬತ್ತೆಂಟು ವರ್ಷ ದಾಟಿ ಬಂದದ್ದು ತುತೂರಿಯ ಕೆಲವೇ ಸ್ವರಗಳು. ರಾಮದುರ್ಗ, ಸವದತ್ತಿ, ಕಿತ್ತೂರುಗಳ ಹಳ್ಳಿಗಳಲ್ಲಿ ಮಟ್ಟು ಬಲ್ಲ ಮುಪ್ಪಿನವರು ಇನ್ನೂ ಇದ್ದಾರೆ. ಹಿಡಿದಿಡುವ ಸಾಧನವು ಇಂದು ಹೆಚ್ಚು ಕಡಿಮೆ ಪ್ರತಿ ಮನೆಯಲ್ಲಿಯೂ ಇದೆ. ಇನ್ನು ಬೇಕಾದದ್ದು, ಅವರ ಬಳಿಗೆ ಹೋಗಿ, “ಒಂದು ಮಟ್ಟು ಬಾರಸ್ರಿ” ಎಂದು ಕೇಳುವವರು.